ಬಿರುಕಿಗೆ ರಾಳ, ಯಂತ್ರಕ್ಕೆ ಎಚ್ಚರ

ಮನೆಯುಳ್ಳವನಿಗೆ ಬಿರುಕಿನ ಚಿಂತೆ ತಪ್ಪಿದ್ದಲ್ಲ. ಕೂದಲೆಳೆಯಂತಹ ಗೆರೆಯೊಂದನ್ನು ಮೊದಲ ವರ್ಷ ಸುಣ್ಣ ಬಳಿದು ಮರೆಸುತ್ತೇವೆ. ಎರಡನೆಯ ವರ್ಷ ಅದು ಮತ್ತೆ ಮುಖ ತೋರಿಸುತ್ತದೆ. ಮೂರನೆಯ ಮಳೆಗಾಲಕ್ಕೆ ನೀರು ತೊಟ್ಟಿಕ್ಕಲಾರಂಭಿಸಿ, ಮನೆಯಾಕೆಯು ನಡುಮನೆಯಲ್ಲಿ ಪಾತ್ರೆಯನ್ನಿಡಬೇಕಾಗುತ್ತದೆ. ಕಾಂಕ್ರೀಟಿನ ತಾರಸಿಗಳಲ್ಲಿ ಕಾಣುವ ಇಂತಹ ಬಿರುಕುಗಳಿಗೆ ಪಂಪಿನ ಮೂಲಕ ರಾಳವನ್ನು ಒತ್ತಿ ತುಂಬುವ ಚಿಕಿತ್ಸೆಯು ಈಗ ನಮ್ಮ ಊರುಗಳಲ್ಲಿಯೂ ಬಳಕೆಗೆ ಬಂದಿದೆ. ಕೆಲಸವನ್ನು ಮಾಡುವವನು ಮೇಸ್ತ್ರಿಯೇ ಆದರೂ, ಅದು ನಡೆಯುವುದು ನಮ್ಮ ಮನೆಯಲ್ಲಿ, ನಮ್ಮ ಮಕ್ಕಳು ಓಡಾಡುವ ಸ್ಥಳದಲ್ಲಿ. ಆದುದರಿಂದ ಆ ಯಂತ್ರದ ಸ್ವಭಾವವನ್ನು ಗೃಹಸ್ಥರೂ ಅರಿತಿರುವುದು ಒಳ್ಳೆಯದು. ಈ ಬುದ್ಧಿಯು ನನಗೆ ಬರಲು ಕಾರಣವಾದ ನನ್ನದೇ ಒಂದು ತಪ್ಪನ್ನು ಮುಂದೆ ಹೇಳುವೆನು.

ರಾಳದಿಂದ ಕಟ್ಟಡವನ್ನು ಭದ್ರಪಡಿಸುವ ಯೋಚನೆಯು ನಮ್ಮವರಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಳೆಯ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂ ಮೊದಲಾದುವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ಸರ್ಜರಸ ಮುಂತಾದ ಅಂಟುಗಳನ್ನು ಕೂಡಿಸಿ, ಕಾದಿರುವಾಗಲೇ ದೇವಾಲಯಪ್ರಾಸಾದಗಳಿಗೆ ಬಳಿಯತಕ್ಕದ್ದೆಂದು ಅಲ್ಲಿ ವಿಧಿಸಿದೆ. ‘ಕಾದಿರುವಾಗಲೇ’ ಎಂಬುದನ್ನು ವಾಚಕರು ನೆನಪಿನಲ್ಲಿಡಲಿ. ಅಂಟಿಗೆ ತನ್ನದೇ ಆದ ಒಂದು ಕಾಲವುಂಟು. ಅದು ಯಾರಿಗಾಗಿಯೂ ಕಾಯುವುದಿಲ್ಲ.

ಇಂದಿನ ರಾಳಗಳು ರಸಾಯನಶಾಲೆಯಲ್ಲಿ ಹುಟ್ಟಿದುವು. ಅವುಗಳಲ್ಲಿ ಎರಡು ಮುಖ್ಯವಾದುವು. ಒಂದು ಎಪಾಕ್ಸಿ. ಇದು ರಾಳ, ಹಾರ್ಡನರ್ ಎಂಬ ಎರಡು ಡಬ್ಬಿಗಳಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿಯೇ ಎರಡನ್ನೂ ಕಲಸಬೇಕು. ಒಣಗಿದ, ಬೆಳೆಯುವುದನ್ನು ನಿಲ್ಲಿಸಿದ ಬಿರುಕಿಗೆ ಇದು ತಕ್ಕುದು. ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಕಿರಿದಾದ ಸಂದಿಯಲ್ಲಿಯೂ ಇದು ಹೊಕ್ಕು ಎರಡು ದಡಗಳನ್ನೂ ಬೆಸೆಯಬಲ್ಲುದು. ಇನ್ನೊಂದು ಪಾಲಿಯುರಿಥೇನ್. ಜರ್ಮನಿಯ ಲೆವರ್ಕೂಸೆನ್ನಿನಲ್ಲಿ ೧೯೩೭ರಲ್ಲಿ ಆಟೋ ಬಾಯರ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಕಂಡುಹಿಡಿದ ವಸ್ತುಕುಲವಿದು. ಬಿರುಕು ತುಂಬುವುದಕ್ಕೆ ಬಳಸುವ ಬಗೆಯು ನೀರು ತಗುಲಿದೊಡನೆ ನೊರೆಯಾಗಿ ಉಬ್ಬಿ ಸೋರುವ ದಾರಿಯನ್ನು ಮುಚ್ಚುತ್ತದೆ. ನೀರನ್ನು ನಿಲ್ಲಿಸುವುದರಲ್ಲಿ ಇದು ಸಮರ್ಥ. ಎಪಾಕ್ಸಿಯಂತೆ ಕಾಂಕ್ರೀಟಿಗೆ ಬಲವನ್ನು ಮರಳಿ ಕೊಡಲಾರದು.

ಆದರೆ ಎರಡೂ ರೋಗದ ಮೂಲವನ್ನು ವಾಸಿಮಾಡುವುವಲ್ಲ. ತಳಪಾಯವು ಕುಸಿಯುತ್ತಿದ್ದರೆ, ಇಲ್ಲವೆ ಒಳಗಿನ ಕಬ್ಬಿಣದ ಸಲಾಕೆಗಳು ತುಕ್ಕು ಹಿಡಿದು ಉಬ್ಬಿದ್ದರೆ, ರಾಳ ತುಂಬಿದ ಸ್ಥಳದ ಪಕ್ಕದಲ್ಲಿಯೇ ಮತ್ತೊಂದು ಬಿರುಕು ಬಾಯ್ದೆರೆಯುವುದು. ಆದುದರಿಂದ ಬಿರುಕಿನ ಎರಡು ತುದಿಗಳಲ್ಲಿಯೂ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ದಿನಾಂಕವನ್ನು ಬರೆದು, ಕೆಲವು ತಿಂಗಳು ನೋಡಬೇಕು. ಗೆರೆಯು ಗುರುತನ್ನು ದಾಟಿದರೆ, ಅಥವಾ ತುಕ್ಕಿನ ಕಲೆಯು ಕಂಡರೆ, ಮೊದಲು ಎಂಜಿನಿಯರನ್ನು ಕರೆಯತಕ್ಕದ್ದು, ಪಂಪಿನವನನ್ನಲ್ಲ.

ಈಗ ಕೆಲಸದ ಕ್ರಮ. ಬಿರುಕಿನ ಎಡಬಲಗಳಲ್ಲಿ ಒಂದನ್ನು ಬಿಟ್ಟು ಒಂದರಂತೆ ಓರೆಯಾಗಿ ರಂಧ್ರಗಳನ್ನು ಕೊರೆಯುತ್ತಾರೆ. ಅವು ಕಾಂಕ್ರೀಟಿನ ಮಧ್ಯಭಾಗದಲ್ಲಿ ಬಿರುಕನ್ನು ಸಂಧಿಸಬೇಕು. ಕೊರೆಯುವ ಮೊದಲು ವಿದ್ಯುತ್ತಿನ ತಂತಿಯೂ ನೀರಿನ ಪೈಪೂ ಎಲ್ಲಿ ಹಾದಿವೆಯೆಂದು ಹೇಳುವುದು ಮನೆಯ ಯಜಮಾನನ ಹೊಣೆ. ಆಮೇಲೆ ರಂಧ್ರಗಳಲ್ಲಿ ಪ್ಯಾಕರ್ ಎಂಬ ಲೋಹದ ಮೂತಿಗಳನ್ನು ಬಿಗಿದು, ಬಿರುಕಿನ ಮೇಲ್ಬಾಯಿಯನ್ನು ಅಂಟಿನಿಂದ ಮುಚ್ಚಿ, ಪಂಪಿನ ಹೋಸನ್ನು ಒಂದೊಂದು ಮೂತಿಗೂ ಸಿಕ್ಕಿಸಿ ರಾಳವನ್ನು ಒತ್ತುತ್ತಾರೆ. ಮುಂದಿನ ಮೂತಿಯಲ್ಲಿ ರಾಳವು ಇಣುಕಿದಾಗ ಅಲ್ಲಿಗೆ ಸಾಗುವುದು. ಗೋಡೆಯಾದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು.

ಈ ಪಂಪಿನ ಬಲವೆಷ್ಟು? ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ಚದರ ಅಂಗುಲಕ್ಕೆ ಸುಮಾರು ೧೫ ಪೌಂಡಿನ ಒತ್ತಡವಿರುತ್ತದೆ. ಅಷ್ಟಕ್ಕೇ ನಾವು ಹಬೆಯು ಅಡಗುವವರೆಗೂ ಮುಚ್ಚಳಕ್ಕೆ ಕೈಹಾಕುವುದಿಲ್ಲ. ರಾಳದ ಪಂಪುಗಳಲ್ಲಿ ಕೆಲವು ೩೦೦೦ ಪೌಂಡಿನ ಒತ್ತಡವನ್ನು, ಎಂದರೆ ಕುಕ್ಕರಿನ ಇನ್ನೂರು ಪಾಲನ್ನು, ಕೊಡಬಲ್ಲುವು. ಅಷ್ಟನ್ನೂ ಬಳಸುವುದು ಜಾಣತನವಲ್ಲ. ಅತಿಯಾದ ಒತ್ತಡದಿಂದ ಬಿರುಕು ಅಗಲವಾಗಬಹುದು, ಗಾರೆಯು ಏಳಬಹುದು. ಕಡಮೆ ಒತ್ತಡದಿಂದ ಆರಂಭಿಸಿ, ಗೇಜಿನ ಮುಳ್ಳನ್ನು ನೋಡುತ್ತ, ಬಿರುಕು ಕುಡಿದಷ್ಟನ್ನೇ ಕುಡಿಸಬೇಕು.

ಶಿವಮೊಗ್ಗೆಯ ನಮ್ಮ ಮನೆಯ ತಾರಸಿಗೆ ಹೋದ ಬೇಸಗೆಯಲ್ಲಿ ಈ ಚಿಕಿತ್ಸೆಯನ್ನು ಮಾಡಿಸಿದೆನು. ಬಂದ ಮೇಸ್ತ್ರಿಯು ಹಿಂದೆ ನನ್ನ ತರಗತಿಯಲ್ಲಿ ಓದಿದ ಹುಡುಗ. ಎಪಾಕ್ಸಿಯನ್ನು ಕಲಸಿ ಪಂಪಿನ ಬಟ್ಟಲಿಗೆ ಹೊಯ್ದು ಎರಡು ಮೂತಿಗಳಿಗೆ ಒತ್ತಿದ್ದನು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂದಿತು. ನಾನು ಕರೆದೆನು.

“ಮೇಷ್ಟ್ರೇ, ಕಲಸಿಬಿಟ್ಟಿದ್ದೇನೆ. ಇನ್ನು ನಿಲ್ಲಿಸುವ ಹಾಗಿಲ್ಲ. ಇದೊಂದನ್ನು ಮುಗಿಸಿ ಬರುತ್ತೇನೆ” ಎಂದನು.

“ಏನಪ್ಪಾ ಅಷ್ಟು ಅವಸರ? ಕಾಫಿ ಆರಿಹೋಗುತ್ತದೆ, ಬಾ” ಎಂದೆನು ನಾನು.

ಗುರುವಿನ ಮಾತನ್ನು ಮೀರಲಾರದೆ ಅವನು ಯಂತ್ರವನ್ನು ನಿಲ್ಲಿಸಿ ಬಂದನು. ಹಳೆಯ ಪಾಠಶಾಲೆಯ ಮಾತು ಎದ್ದಿತು; ಮಾತಿಗೆ ಮಾತು ಸೇರಿ ಅರ್ಧ ಗಂಟೆಯಾಯಿತು. ಕಲಸಿದ ಎಪಾಕ್ಸಿಯು ಒಂದೇ ಕಡೆ ರಾಶಿಯಾಗಿ ನಿಂತರೆ ತನ್ನ ಕಾವಿನಿಂದ ತಾನೇ ಬೇಗ ಗಟ್ಟಿಯಾಗುವುದೆಂಬುದು ನನಗೇನು ಗೊತ್ತು? ನಾವು ಹೋಗಿ ನೋಡುವಾಗ ಬಟ್ಟಲಿನಿಂದ ಹೊಗೆಯೇಳುತ್ತಿದ್ದಿತು. ಸಹಾಯಕ್ಕೆ ಬಂದಿದ್ದ ಎಳೆಯ ಹುಡುಗನು ಗಾಬರಿಗೊಂಡು, ಹೋಸನ್ನು ಬಿಚ್ಚಿ ತೊಳೆಯೋಣವೆಂದು ಸ್ಪ್ಯಾನರನ್ನು ಹಾಕಿ ತಿರುಗಿಸಲು ಹೊರಟಿದ್ದನು, ಕನ್ನಡಕವನ್ನು ತೆಗೆದಿಟ್ಟಿದ್ದನು.

“ಕೈ ತೆಗೆಯೋ! ಮುಳ್ಳು ಇನ್ನೂ ಇಳಿದಿಲ್ಲ!” ಎಂದು ಕೂಗುತ್ತ ಮೇಸ್ತ್ರಿಯು ಹಾರಿ ಅವನ ಕೈಯನ್ನು ಹಿಡಿದನು. ಬಳಿಕ ಒತ್ತಡವನ್ನು ಬಿಡುವ ವಾಲ್ವನ್ನು ಮೆಲ್ಲಗೆ ತಿರುಗಿಸಿದನು. ರಾಳವು ಬೆಲ್ಲದ ಪಾಕದಂತೆ ನೂಲುನೂಲಾಗಿ ಡಬ್ಬಿಗೆ ಇಳಿಯಿತು. ಮುಳ್ಳು ಸೊನ್ನೆಗೆ ಬರುವ ತನಕ ಯಾರೂ ಮಾತಾಡಲಿಲ್ಲ. ಹೋಸು ಕೆಲಸಕ್ಕೆ ಬಾರದಾಯಿತು. ಅದರ ಬೆಲೆಯನ್ನು ನಾನೇ ಕೊಟ್ಟೆನು. ಹುಡುಗನ ಕಣ್ಣಿಗೆ ಏನಾದರೂ ಆಗಿದ್ದರೆ ಅದರ ಬೆಲೆಯನ್ನು ಎಲ್ಲಿಂದ ತರುತ್ತಿದ್ದೆನು?

ಕಣ್ಣು ಮಾತ್ರವಲ್ಲ. ಇಂತಹ ಒತ್ತಡದಲ್ಲಿ ಸೂಜಿಯ ಮೊನೆಯಷ್ಟು ಕಿಂಡಿಯಿಂದ ಚಿಮ್ಮುವ ದ್ರವವು ಕೈಗವಸನ್ನೂ ಚರ್ಮವನ್ನೂ ತೂರಿ ಬೆರಳಿನೊಳಕ್ಕೆ ಹೋಗಬಲ್ಲುದು. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ. ಮೊದಮೊದಲು ನೋವೂ ಹೆಚ್ಚಾಗಿರುವುದಿಲ್ಲ. ಆದರೆ ಒಳಗೆ ಮಾಂಸವು ಕೆಡುತ್ತಿರುತ್ತದೆ. ಉಪೇಕ್ಷಿಸಿದವರು ಬೆರಳನ್ನೇ ಕಳೆದುಕೊಂಡದ್ದುಂಟು. ಅರಿಸಿನ ಹಚ್ಚಿ ಬೆಳಗಿನವರೆಗೆ ಕಾಯುವ ಗಾಯವಿದಲ್ಲ. ಆ ಕ್ಷಣವೇ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹೋಗಿ, ಒಳಹೊಕ್ಕ ವಸ್ತುವಿನ ಡಬ್ಬಿಯನ್ನೂ ವೈದ್ಯರಿಗೆ ತೋರಿಸಬೇಕು. ಸೋರುವ ಸ್ಥಳವನ್ನು ಬೆರಳಿನಿಂದ ಮುಟ್ಟಿ ಹುಡುಕುವುದಂತೂ ಸರ್ವಥಾ ಕೂಡದು.

ಆದುದರಿಂದ ಕೆಲಸಗಾರರಲ್ಲಿ ಗೃಹಸ್ಥನು ನೋಡಬೇಕಾದುವು ಇವು. ಪಕ್ಕಗಳೂ ಮುಚ್ಚಿದ ಕನ್ನಡಕ. ತಾರಸಿಯ ಕೆಳಗೆ ನಿಂತು ಮಾಡುವಾಗ ಹನಿಯು ನೇರವಾಗಿ ಕಣ್ಣಿಗೇ ಬೀಳುವುದು. ನೈಟ್ರೈಲ್ ಕೈಗವಸು, ತುಂಬುತೋಳಿನ ಅಂಗಿ. ಹಾರ್ಡನರ್ ತಗುಲಿದ ಚರ್ಮವು ಕೆಲವರಿಗೆ ತುರಿಕೆಯೆದ್ದು, ಮುಂದೆ ಅದರ ಸೋಂಕನ್ನೇ ಸಹಿಸದಂತಾಗುತ್ತದೆ. ಕೊರೆಯುವಾಗ ಧೂಳಿಗೆ ಮುಖಗವಸು. ಪಾಲಿಯುರಿಥೇನ್ ರಾಳದ ಆವಿಯು ಉಬ್ಬಸವನ್ನು ತರಬಲ್ಲುದಾದುದರಿಂದ ಕಿಟಕಿಬಾಗಿಲುಗಳು ತೆರೆದಿರಲಿ. ಮಕ್ಕಳೂ ಉಬ್ಬಸದವರೂ ದೂರವಿರಲಿ. ರಾಳವು ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಬಿಡದೆ ಶುದ್ಧಜಲದಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕೈಗೆ ಹತ್ತಿದರೆ ಒರಸಿ ಸಾಬೂನು ನೀರಿನಿಂದ ತೊಳೆಯಬೇಕು. ತಿನ್ನರಿನಿಂದ ಉಜ್ಜಿದರೆ ವಿಷವು ಚರ್ಮದೊಳಗೆ ಇನ್ನಷ್ಟು ಇಳಿಯುವುದು. ಪಂಪನ್ನು ನಡೆಸುವ ವಿದ್ಯುತ್ತಿನ ತಂತಿಯಲ್ಲಿ ತೇಪೆಯಿರಬಾರದು. ಪ್ಲಗ್ಗಿಗೆ ಅರ್ಥಿಂಗ್ ಇರಬೇಕು.

ಯಂತ್ರದ ಪಾಲನೆಯ ಮೊದಲ ಸೂತ್ರವೆಂದರೆ ರಾಳದ ಆಯುಷ್ಯವು ಮುಗಿಯುವ ಮೊದಲೇ ಯಂತ್ರವನ್ನು ತೊಳೆಯುವುದು. ಆ ಆಯುಷ್ಯವೆಷ್ಟೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಮ್ಮ ಬೇಸಗೆಯ ಸೆಕೆಯಲ್ಲಿ ಅದು ಇನ್ನೂ ಕಡಮೆಯಾಗುವುದು. ಆದುದರಿಂದ ಸ್ವಲ್ಪಸ್ವಲ್ಪವಾಗಿ ಕಲಸಬೇಕು. ಮುಗಿದೊಡನೆ ಉಳಿದ ರಾಳವನ್ನು ಹೊರಡಿಸಿ, ತಯಾರಕರು ಹೇಳಿದ ದ್ರವವನ್ನು ಅದು ತಿಳಿಯಾಗಿ ಬರುವವರೆಗೂ ಹರಿಸಬೇಕು. ಪಾಲಿಯುರಿಥೇನಿನ ಪಂಪಿಗೆ ನೀರು ಶತ್ರು. ತೇವವಿದ್ದಲ್ಲಿ ರಾಳವು ಒಳಗೇ ಹೆಪ್ಪುಗಟ್ಟುವುದು. ತೊಳೆದ ಮೇಲೆ ಯಂತ್ರದ ಎಣ್ಣೆಯನ್ನು ತುಂಬಿಡುವುದು ರೂಢಿ. ಜಾಲರಿ, ಸೀಲುಗಳನ್ನು ಆಗಾಗ ನೋಡಬೇಕು. ಉಬ್ಬಿದ, ಸೀಳಿದ ಹೋಸನ್ನು ಟೇಪು ಸುತ್ತಿ ಬಳಸದೆ ಎಸೆಯಬೇಕು. ಹೋಸು ಕಟ್ಟಿಕೊಂಡಿದ್ದರೆ ಮುಳ್ಳು ಸೊನ್ನೆಯನ್ನು ತೋರಿಸಿದರೂ ಕಟ್ಟಿನ ಆಚೆ ಒತ್ತಡವು ಉಳಿದಿರಬಹುದೆಂಬುದನ್ನು ಮರೆಯಬಾರದು.

ತೊಳೆಯುವ ದ್ರವಗಳು ಸಾಮಾನ್ಯವಾಗಿ ಬೇಗನೆ ಬೆಂಕಿ ಹತ್ತುವಂಥವು. ಆ ಕೆಲಸವು ಬಯಲಿನಲ್ಲಿ ನಡೆಯಲಿ. ಒಲೆ, ಬೀಡಿ, ದೇವರ ಮುಂದಿನ ದೀಪ ಯಾವುದೂ ಹತ್ತಿರವಿರಬಾರದು. ಉಳಿದುದನ್ನು ಚರಂಡಿಗೆ ಚೆಲ್ಲಬಾರದು. ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದಂತೂ ಮಹಾಪರಾಧ, ಬಾಯಾರಿದ ಮಗುವಿಗೆ ಬಾಟಲಿ ಮಾತ್ರ ಕಾಣುತ್ತದೆ.

ನಮ್ಮ ಮನೆಯ ಬಿರುಕು ಮರುದಿನ ಹೊಸ ಹೋಸಿನಿಂದ ತುಂಬಲ್ಪಟ್ಟಿತು. ಮಲೆನಾಡಿನ ಅಂಚಿನ ಮಳೆಗಾಲವೊಂದು ಅದರ ಮೇಲೆ ಕಳೆದಿದೆ. ನಡುಮನೆಯ ಪಾತ್ರೆಯು ಅಡುಗೆಮನೆಗೆ ಮರಳಿದೆ. ಆ ಮೇಸ್ತ್ರಿಯು ಈಗಲೂ ಆಗಾಗ ಪಕ್ಕದ ಬೀದಿಯ ಕೆಲಸಕ್ಕೆ ಬರುತ್ತಾನೆ. ಕಾಫಿಗೆ ಕರೆಯುವ ಮುಂಚೆ ನಾನು ಬಾಗಿಲಲ್ಲಿ ನಿಂತು, “ಕಲಸಿದ್ದೀಯೇನಪ್ಪಾ?” ಎಂದು ಕೇಳುತ್ತೇನೆ. ಕಲಸಿದ್ದೇನೆಂದರೆ, ಕಾಫಿಯು ಆರಿದರೂ ಸರಿಯೆಂದು ಸುಮ್ಮನೆ ಒಳಗೆ ಬರುತ್ತೇನೆ.