ಜಾವಾ ಕೊಳ್ಳುವುದೋ, ರೋಡ್‌ಕಿಂಗ್ ಕೊಳ್ಳುವುದೋ

ನಮ್ಮ ಪತ್ರಿಕೆಯ ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಮುಂಗಡ ತೆರಿಗೆ, ಜಿ.ಎಸ್.ಟಿ. ವಿವರಣ ಪತ್ರ, ಲೆಕ್ಕ ಪರಿಶೋಧನೆಯ ಗಡುವು ಇವುಗಳನ್ನು ಕುರಿತು. ಈ ಸಂಚಿಕೆಯಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ಮಾತೆತ್ತಿರುವುದಕ್ಕೆ ಸದಸ್ಯರು ಹುಬ್ಬೇರಿಸಬಹುದು. ಆದರೆ ಕಳೆದ ಎರಡು ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಹೊತ್ತು ನನ್ನ ಬಳಿಗೆ ಬಂದ ವ್ಯಾಪಾರಿ ಮಿತ್ರರ ಸಂಖ್ಯೆ ಕಡಿಮೆಯೇನಲ್ಲ. ಪ್ರಶ್ನೆ ಮೋಜಿನದಾದರೂ ಹಣ ಮೋಜಿನದಲ್ಲ.

ಹರಿಹರದಲ್ಲಿ ಲೇತು ಕೆಲಸದ ಸಣ್ಣ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರು ದೇವರಾಜ ಅರಸು ಬಡಾವಣೆಯ ನನ್ನ ಕಚೇರಿಗೆ ಬಂದು, ಜಮಾ ಖರ್ಚು ಪತ್ರಗಳಿಗೆ ಸಹಿ ಹಾಕಿದ ಮೇಲೆ, ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿದರು. ಒಂದು, ಶಿವಮೊಗ್ಗದ ಕಡೆಯ ಮನೆತನವೊಂದರಲ್ಲಿರುವ 1969ರ ಜಾವಾ 250. ಹೇಳಿದ ಬೆಲೆ 1,60,000 ರೂಪಾಯಿ. ಇನ್ನೊಂದು, ನಮ್ಮ ದಾವಣಗೆರೆಯಲ್ಲೇ ಇರುವ 1986ರ ಯೆಜ್ಡಿ ರೋಡ್‌ಕಿಂಗ್. ಹೇಳಿದ ಬೆಲೆ 95,000. "ಆಡಿಟ್ರೇ, ಎರಡರಾಗೆ ಯಾವ್ದು ತಗಳ್ಳಿ ಹೇಳ್ರಿ. ಕಂಪನಿ ಹೆಸರಿಗೇ ತಗಂಡ್ರೆ ಸವಕಳಿ ಸಿಗತೈತಲ್ಲ?" ಎಂಬುದು ಅವರ ಪ್ರಶ್ನೆ. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ. ಎರಡನೆಯದು ನನ್ನ ಕ್ಷೇತ್ರದ್ದು, ಮೊದಲನೆಯದರಲ್ಲಿ ನಾನು ಕೈ ಸುಟ್ಟುಕೊಂಡವನು.

ಅವರ ಮನಸ್ಸು ಜಾವಾದ ಕಡೆಗೆ ವಾಲಿತ್ತೆಂಬುದು ನನಗೆ ತಿಳಿದಿತ್ತು. ಅವರ ತಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕುಶಲಕರ್ಮಿಯಾಗಿದ್ದವರು. ಪಾಳಿ ಮುಗಿಸಿ ಯಂತ್ರಾಪುರದಿಂದ ಮನೆಗೆ ಬರುತ್ತಿದ್ದುದು ಮರೂನ್ ಬಣ್ಣದ ಜಾವಾದ ಮೇಲೆ. ಸ್ವಂತ ಘಟಕ ತೆರೆಯುವಾಗ, ಹಳೆಯದೊಂದು ಲೇತಿನ ಮುಂಗಡಕ್ಕೆ ಹಣ ಸಾಲದೆ ಆ ಜಾವಾವನ್ನು ಮಾರಿದರು. ಆ ಲೇತು ಇಂದಿಗೂ ಘಟಕದಲ್ಲಿ ತಿರುಗುತ್ತಿದೆ. ಜಾವಾ ಮಾತ್ರ ಯಾರ ಮನೆ ಸೇರಿತೋ ತಿಳಿಯದು. ಇಂಥ ಕಥೆಯಿರುವವರಿಗೆ ಲಾಭ ನಷ್ಟದ ಲೆಕ್ಕ ಒಪ್ಪಿಸುವುದು ಕಷ್ಟ. ಆದರೂ ಒಪ್ಪಿಸುವುದು ನಮ್ಮ ವೃತ್ತಿ.

ಎರಡೂ ನಮ್ಮ ನಾಡಿನ ಕೂಸುಗಳೇ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ ಇರಾನಿ ಮನೆತನದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. ಮೊದಲು ಜಾವಾ ಎಂಬ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಹೊರಬಂದವು. 1978ರಲ್ಲಿ ಬಂದ ರೋಡ್‌ಕಿಂಗ್, ಚೆಜೆಟ್ ಸಂಸ್ಥೆಯ ಮೋಟೋಕ್ರಾಸ್ ಪಂದ್ಯದ ಗಾಡಿಯನ್ನು ಆಧರಿಸಿದ್ದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮರಳಿ ತಂದಿತಾದರೂ ಅವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು. ಅವುಗಳ ಬಿಡಿಭಾಗ ಹಳೆಯ ಗಾಡಿಗೆ ಒದಗುವುದಿಲ್ಲ. ಹೊಸ ಷೋರೂಮ್ ತೆರೆದಿದೆಯೆಂದು ಧೈರ್ಯ ಮಾಡಿ ಹಳೆಯ ಗಾಡಿ ಕೊಂಡವರನ್ನು ನಾನು ಬಲ್ಲೆ.

ಯಂತ್ರದ ದೃಷ್ಟಿಯಿಂದ ಎರಡೂ ಸುಮಾರು 250 ಸಿ.ಸಿ.ಯ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಳ್ಳ ಎರಡು ಸ್ಟ್ರೋಕಿನ ಗಾಡಿಗಳು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡಕ್ಕೂ ಒಂದೇ ಸಲಾಕೆ. ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ, ಗಾಲಿ 16 ಅಂಗುಲ. ರೋಡ್‌ಕಿಂಗ್ 16 ಅಶ್ವಶಕ್ತಿ, ಗಾಲಿ 18 ಅಂಗುಲ. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸುವವನಿಗೆ ಈ ನಾಲ್ಕು ಅಶ್ವಶಕ್ತಿ ದೊಡ್ಡ ಅಂತರ. ಜಾವಾದ ಸೊಬಗು ಬೇರೆ: ಟ್ಯಾಂಕಿನ ಪಕ್ಕದ ಕ್ರೋಮು, ದುಂಡನೆಯ ಮೈ, ಹೆಡ್‌ಲೈಟಿನ ನೆತ್ತಿಗೆ ಸಿಕ್ಕಿಸುವ ಮೊಳೆಯಂತಹ ಕೀಲಿ. ಮನೆ ಮುಂದೆ ನಿಲ್ಲಿಸಿ ನೋಡುವುದಕ್ಕೆ ಅದನ್ನು ಮೀರಿಸಿದ್ದಿಲ್ಲ. ಆದ್ದರಿಂದಲೇ ನಾನು ಕೇಳಿದ ಮೊದಲ ಪ್ರಶ್ನೆ, "ವಾರಕ್ಕೆ ಎಷ್ಟು ದಿನ ಓಡಿಸುತ್ತೀರಿ?" ಎಂಬುದು. ಭಾನುವಾರ ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿಂದು ಹೋಗಬೇಕು, ಮಧ್ಯೆ ಒಂದೆರಡು ದಿನ ಘಟಕಕ್ಕೂ ಒಯ್ಯಬೇಕು ಎಂದರು.

ಬಣ್ಣಕ್ಕೆ ಯಾರೂ ಬೆಲೆ ಕಟ್ಟಬಾರದು. ಬಣ್ಣ, ಕ್ರೋಮು, ಸೀಟಿನ ಹೊದಿಕೆ ಇವೆಲ್ಲ ತಿಂಗಳೊಪ್ಪತ್ತಿನಲ್ಲಿ ಆಗುವ ಕೆಲಸ. ಕೈಕೊಡುವುದು ಕ್ರ್ಯಾಂಕ್. ಈ ಗಾಡಿಗಳ ಕ್ರ್ಯಾಂಕ್ ಬಿಡಿಬಿಡಿಯಾಗಿ ಒತ್ತಿ ಕೂಡಿಸಿದ್ದು. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದರೆ ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸದು ಕೂರಿಸಿ, ಲೇತಿನ ಎರಡು ಸೆಂಟರುಗಳ ನಡುವೆ ಹಿಡಿದು ಡಯಲ್ ಗೇಜಿನಿಂದ ಓಟ ನೋಡಿ ಸರಿಪಡಿಸಬೇಕು. ಇಕ್ಕೆಲದ ಆಯಿಲ್ ಸೀಲುಗಳು ಒಣಗಿದ್ದರೆ ಗಾಳಿ ಎಳೆದುಕೊಂಡು, ಇಂಜಿನ್ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಿಲಿಂಡರನ್ನು ಎಷ್ಟು ಸಲ ಬೋರು ಮಾಡಿಸಲಾಗಿದೆ ಎಂಬುದನ್ನು ಹೆಡ್ ಬಿಚ್ಚಿ ಪಿಸ್ಟನ್ ನೆತ್ತಿಯ ಮೇಲಿನ ಅಳತೆ ನೋಡಿ ತಿಳಿಯಬೇಕೇ ಹೊರತು ಮಾರುವವನ ಬಾಯಿಂದಲ್ಲ. ಹೆಡ್ ಬಿಚ್ಚಲು ಒಪ್ಪದವನ ಗಾಡಿಯನ್ನು ಮುಟ್ಟದಿರುವುದೇ ಒಳ್ಳೆಯದು. 2025ರಲ್ಲಿ ಬಂಕುಗಳಲ್ಲೆಲ್ಲ ಬಂದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಇನ್ನೊಂದು ತಲೆನೋವು. ಅದು ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ, ಆ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡಿ ನಿಲ್ಲಿಸಬೇಕು.

ಈ ವಿಷಯದಲ್ಲಿ ನನ್ನ ಕಕ್ಷಿದಾರರಿಗೆ ನಾನು ಹೇಳಬೇಕಾದ್ದು ಏನೂ ಇರಲಿಲ್ಲ. ಅವರೇ ನನಗೆ ಪಾಠ ಹೇಳಿದರು. ಲೇತು ತಯಾರಿಸುತ್ತಿದ್ದ ಊರಿನಲ್ಲಿ ಕಾರ್ಖಾನೆ ಹೋದರೂ ಕೈಗಳು ಉಳಿದಿವೆ. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕರೋಲ್ ಬಾಗಿನಲ್ಲೋ ದೊರೆಯದಿದ್ದರೆ ಬುಷ್ಷು, ಷಾಫ್ಟುಗಳನ್ನು ತಾವೇ ಕಡೆದುಕೊಳ್ಳಬಲ್ಲರು. ಸವೆದ ಯಂತ್ರವನ್ನು ಹರಿಹರದಲ್ಲಿ ಸರಿಪಡಿಸಬಹುದು. ಇಲ್ಲದ ದಾಖಲೆಯನ್ನು ಯಾವ ಲೇತಿನಲ್ಲೂ ಕಡೆಯಲಾಗದು.

ಇಲ್ಲಿ ನನ್ನ ಕಥೆ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅನ್ಯ ರಾಜ್ಯದ ಒಂದು ಜಾವಾವನ್ನು, ಅದರ ಹೊಳಪಿಗೆ ಮರುಳಾಗಿ, ನಾನು ಕೊಂಡೆ. ನಿರಾಕ್ಷೇಪಣಾ ಪತ್ರ ಹದಿನೈದು ದಿನದಲ್ಲಿ ಅಂಚೆಯಲ್ಲಿ ಬರುತ್ತದೆಂದು ಮಾರಿದಾತ ಹೇಳಿದ. ನಾನು ಪೂರ್ತಿ ಹಣ ಕೊಟ್ಟೆ. ಪತ್ರ ಬರಲಿಲ್ಲ. ಮೂಲ ನೋಂದಣಿಯೇ ರದ್ದಾಗಿತ್ತೆಂಬುದು ಆಮೇಲೆ ತಿಳಿಯಿತು. ಅನ್ಯರ ಲೆಕ್ಕಗಳಲ್ಲಿ ಆಧಾರ ಚೀಟಿ ಇಲ್ಲದ ಒಂದು ರೂಪಾಯಿ ಖರ್ಚನ್ನೂ ಒಪ್ಪದ ಲೆಕ್ಕ ಪರಿಶೋಧಕನೇ ಹೀಗೆ ಮಾಡಿದ್ದಕ್ಕೆ ಮನೆಯವರು ಇಂದಿಗೂ ನಗುತ್ತಾರೆ. ಆ ಗಾಡಿ ಇನ್ನೂ ನಮ್ಮ ಹಿತ್ತಲಲ್ಲಿ ತಾಡಪತ್ರಿಯ ಕೆಳಗಿದೆ. ಒಂದು ದಿನವೂ ರಸ್ತೆಗಿಳಿದಿಲ್ಲ.

ಹೀಗಾಗಿ ಎರಡೂ ಗಾಡಿಗಳ ನೋಂದಣಿ ಪುಸ್ತಕ ತರಿಸಿದೆ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನವೀಕರಣ. ದ್ವಿಚಕ್ರ ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೂ, ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟಿನ ಅಧಿಸೂಚನೆಯಿಂದ 2,000ಕ್ಕೂ ಏರಿತು. ತಡವಾದರೆ ತಿಂಗಳಿಗೆ 300ರಂತೆ ಹೆಚ್ಚುವರಿ ಶುಲ್ಕವನ್ನು ನಿಯಮ ಹೇಳುತ್ತದೆ; ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಇದು ಸಣ್ಣ ಮೊತ್ತವಲ್ಲ. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ.

ರೋಡ್‌ಕಿಂಗಿನ ಪುಸ್ತಕ ಮಾಸಿತ್ತು, ಆದರೆ ಮಾರುವವರ ಹೆಸರಿನಲ್ಲೇ ಇತ್ತು. ನವೀಕರಣವಾಗಿತ್ತು, ವಾಹನ್ ಗಣಕ ದಾಖಲೆಯಲ್ಲೂ ವಿವರ ಬರುತ್ತಿತ್ತು. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ತಾಳೆಯಾದವು. ಗಾಡಿ ಮಾತ್ರ ನೋಡಲಾಗದಂತಿತ್ತು: ಸೈಲೆನ್ಸರುಗಳು ಬೇರೆ ಯಾವುದೋ ಗಾಡಿಯವು, ಕ್ರ್ಯಾಂಕಿನಲ್ಲಿ ಟಕಟಕ ಸದ್ದು. ಜಾವಾ ಇದಕ್ಕೆ ತದ್ವಿರುದ್ಧ. ಮೈ ಮಿರಮಿರ ಮಿಂಚುತ್ತಿತ್ತು. ಪುಸ್ತಕ ಹತ್ತು ವರ್ಷಗಳ ಹಿಂದೆ ತೀರಿಕೊಂಡ ಹಿರಿಯರ ಹೆಸರಿನಲ್ಲಿತ್ತು. ವಾರಸುದಾರರು ನಾಲ್ವರು, ಮಾರಲು ಹೊರಟವರು ಒಬ್ಬರು. ಮೊದಲು ಮರಣ ಪ್ರಮಾಣ ಪತ್ರದೊಂದಿಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು. ಆಮೇಲೆ ನಮೂನೆ 29 ಮತ್ತು 30ರಲ್ಲಿ ಮಾರಾಟ. ತೀರಿಕೊಂಡವರ ಹೆಸರಿನಲ್ಲಿ ಯಾರೋ ಹಾಕಿದ ಸಹಿಯನ್ನು ನಂಬಿ ಹಣ ಕೊಡುವುದು ಅಪಾಯ. ಉಳಿದ ಮೂವರಲ್ಲಿ ಒಬ್ಬರು ನಾಳೆ ದೂರು ಕೊಟ್ಟರೆ ಗಾಡಿ ನಿಲ್ಲುವುದು ಠಾಣೆಯ ಅಂಗಳದಲ್ಲಿ.

ಜಾವಾದ ಪರವಾಗಿ ಒಂದು ಮಾತು ಹೇಳಲೇಬೇಕು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. 1969ರ ಜಾವಾ ಇದಕ್ಕೆ ಅರ್ಹ. ರೋಡ್‌ಕಿಂಗ್‌ಗಳಲ್ಲಿ ಮೊಟ್ಟಮೊದಲನೆಯದಕ್ಕೂ 2028ರವರೆಗೆ ಆ ಅರ್ಹತೆಯಿಲ್ಲ, ಇವರು ನೋಡಿದ 1986ರದಕ್ಕಂತೂ 2036. ಮಾರುವವರು ಈ ನಿಯಮವನ್ನು ತೋರಿಸಿಯೇ ಬೆಲೆ ಏರಿಸಿದ್ದರು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ ಇಲ್ಲ. ಬೆಣ್ಣೆ ದೋಸೆ ಆ ಪಟ್ಟಿಯಲ್ಲಿಲ್ಲವೆಂದು ನಾನು ಹೇಳಿದಾಗ ಅವರು ನಕ್ಕರೂ ವಿಷಯ ಮನಸ್ಸಿಗೆ ನಾಟಿತು.

ಇನ್ನು ಸವಕಳಿಯ ಪ್ರಶ್ನೆ. ಸ್ವಂತ ಬಳಕೆಗೆ ಸ್ವಂತ ಹಣದಿಂದ ಕೊಂಡ ವಾಹನ ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯಲ್ಲ. ನಾಳೆ ಹೆಚ್ಚಿನ ಬೆಲೆಗೆ ಮಾರಿದರೆ ಆ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ, ನಷ್ಟವಾದರೆ ವಜಾ ಮಾಡಿಕೊಳ್ಳುವಂತೆಯೂ ಇಲ್ಲ. ಅದೇ ಗಾಡಿಯನ್ನು ಸಂಸ್ಥೆಯ ಲೆಕ್ಕಕ್ಕೆ ತಂದು ಶೇಕಡಾ 15ರ ಸವಕಳಿ ಪಡೆದರೆಂದು ಭಾವಿಸಿ. 95,000ದ ಗಾಡಿಯ ಪುಸ್ತಕ ಮೌಲ್ಯ ಮೂರು ವರ್ಷಗಳಲ್ಲಿ 58,342 ರೂಪಾಯಿಗೆ ಇಳಿಯುತ್ತದೆ. ಅದನ್ನು 1,30,000ಕ್ಕೆ ಮಾರಿದರೆ ನಡುವಿನ 71,658ರ ಮೇಲೆ, 2025ರ ಜನವರಿಯಲ್ಲಿ ಶೇಕಡಾ 12ರಿಂದ ಏರಿದ ಶೇಕಡಾ 18ರ ದರದಂತೆ, ಸುಮಾರು 12,900 ರೂಪಾಯಿ ಜಿ.ಎಸ್.ಟಿ. ಮಾರಾಟದ ಹಣ ಆಸ್ತಿ ಗುಂಪಿನ ಮೌಲ್ಯದಿಂದ ಕಳೆಯುತ್ತದಾದ್ದರಿಂದ ಆದಾಯ ತೆರಿಗೆಯೂ ಹಿಂದೆಯೇ ಬರುತ್ತದೆ. ಬೆಲೆ ಇಳಿಯುವ ವಸ್ತುವಿಗೆ ಸವಕಳಿ ಲಾಭ. ಬೆಲೆ ಏರಬಹುದೆಂಬ ಆಸೆಯಿಂದ ಕೊಳ್ಳುವ ವಸ್ತುವಿಗೆ ಅದು ಬಲೆ. ಅಷ್ಟಕ್ಕೂ ಭಾನುವಾರದ ಗಾಡಿಯನ್ನು ವ್ಯಾಪಾರದ ಬಳಕೆಯದೆಂದು ತೋರಿಸಲು ಆಡಿಟರನಾಗಿ ನಾನು ಒಪ್ಪುವವನಲ್ಲ. ಅದನ್ನೂ ಅವರಿಗೆ ಹೇಳಿದೆ.

ಕಡೆಗೆ ರೋಡ್‌ಕಿಂಗ್ 88,000ಕ್ಕೆ ಇತ್ಯರ್ಥವಾಯಿತು. ಹಣ ಅವರ ಸ್ವಂತ ಉಳಿತಾಯ ಖಾತೆಯಿಂದ, ಬ್ಯಾಂಕಿನ ಮೂಲಕವೇ ಹೋಯಿತು. ಅರ್ಧ ಮೊದಲು, ಅರ್ಧ ವರ್ಗಾವಣೆ ಅರ್ಜಿಯ ರಸೀತಿ ಬಂದ ಮೇಲೆ. ಕ್ರ್ಯಾಂಕಿನ ಓಟ ಸರಿಪಡಿಸಿದ್ದು ಅವರ ತಂದೆಯ ಆ ಹಳೆಯ ಲೇತಿನ ಮೇಲೆ. ಮೊದಲ ಭಾನುವಾರ ನನ್ನ ಮನೆಯವರೆಗೂ ಓಡಿಸಿಕೊಂಡು ಬಂದು, ಹಿತ್ತಲಿನ ತಾಡಪತ್ರಿ ಎತ್ತಿ ನೋಡಿ, ಟ್ಯಾಂಕಿನ ಮೇಲೆ ಕೈಯಾಡಿಸಿ, ಏನೂ ಮಾತಾಡದೆ ಮತ್ತೆ ಮುಚ್ಚಿದರು.

ಶಿವಮೊಗ್ಗದ ಜಾವಾವನ್ನು ಅವರು ಪೂರ್ತಿ ಕೈಬಿಟ್ಟಿಲ್ಲ. ನಾಲ್ವರೂ ಸಹಿ ಮಾಡಿ ಪುಸ್ತಕ ಸರಿಪಡಿಸಿಕೊಂಡರೆ ಮತ್ತೆ ಮಾತಾಡೋಣವೆಂದು ತಿಳಿಸಿದ್ದರು. ಮೊನ್ನೆ ಫೋನು ಬಂತಂತೆ. ಮೂವರು ಒಪ್ಪಿದ್ದಾರೆ, ನಾಲ್ಕನೆಯವರು ಪುಣೆಯಲ್ಲಿದ್ದಾರೆ, ದೀಪಾವಳಿಗೆ ಊರಿಗೆ ಬರುತ್ತಾರಂತೆ.