ಬಾಲಂಗೋಚಿ ಇಲ್ಲದ ಗಾಳಿಪಟ

ಸಂಕ್ರಾಂತಿಯ ವಾರ ಹೈದರಾಬಾದಿನ ದಿಲ್‌ಸುಖ್‌ನಗರದ ಯಾವ ಮಾಳಿಗೆ ಹತ್ತಿದರೂ ಒಬ್ಬ ಹುಡುಗ ಪಟಕ್ಕೆ ಸೂತ್ರ ಕಟ್ಟುತ್ತಾ ಕೂತಿರುತ್ತಾನೆ. ಕೆಳಗೆ ವಿಜಯವಾಡ ಹೆದ್ದಾರಿಯ ಗದ್ದಲ, ಅದರ ಮೇಲೆ ಮೆಟ್ರೊ, ಅದಕ್ಕೂ ಮೇಲೆ ಮಾಂಜಾ ದಾರಗಳ ಜಟಾಪಟಿ. ಹುಡುಗನ ಲಕ್ಷ್ಯವೆಲ್ಲ ಗಂಟಿನ ಮೇಲೆ. ಬೆರಳಗಲ ಮೇಲೆ ಸರಿಸುತ್ತಾನೆ, ಎತ್ತಿ ಹಿಡಿದು ನೋಡುತ್ತಾನೆ, ಮತ್ತೆ ಕೆಳಗೆ ಸರಿಸುತ್ತಾನೆ. ಪಟ ಏರುವುದೋ ಗಿರಕಿ ಹೊಡೆಯುವುದೋ ಆ ಗಂಟು ಕೂತ ಜಾಗದಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ನಾದರ್‌ಗುಲ್ ಏರ್‌ಫೀಲ್ಡ್. ಪೈಲಟ್ ಆಗಬೇಕೆಂದು ಬಂದ ಹುಡುಗ ಹುಡುಗಿಯರು ಅಲ್ಲಿ ಸೆಸ್ನಾ ಹಾರಿಸಲು ಕಲಿಯುತ್ತಾರೆ. ರೆಕ್ಕೆಯ ಅಂಚಿನಲ್ಲಿ ಏಲರಾನ್, ಬಾಲದಲ್ಲಿ ಎಲಿವೇಟರ್ ಮತ್ತು ರಡ್ಡರ್. ಆ ವಿಮಾನವನ್ನು ನಡೆಸುವುದು ಈ ಮೂರು. ಮಾಳಿಗೆಯ ಪಟಕ್ಕೂ ಆ ಸೆಸ್ನಾಕ್ಕೂ ನಡುವೆ ಇನ್ನೊಂದು ಜಾತಿಯ ವಿಮಾನವಿದೆ. ಅದಕ್ಕೆ ಈ ಮೂರರಲ್ಲಿ ಒಂದೂ ಇಲ್ಲ, ಬಾಲವೂ ಇಲ್ಲ. ಹಾರಿಸುವವರು ಅದನ್ನು ಟ್ರೈಕ್ ಎನ್ನುತ್ತಾರೆ. ಮೇಲೆ ಬಟ್ಟೆಯ ತ್ರಿಕೋನ ರೆಕ್ಕೆ, ಕೆಳಗೆ ಮೂರು ಚಕ್ರದ ತೆರೆದ ಬಂಡಿ, ಬೆನ್ನ ಹಿಂದೆ ಎಂಜಿನ್ ಮತ್ತು ಪ್ರೊಪೆಲ್ಲರ್. ರೆಕ್ಕೆಗೂ ಬಂಡಿಗೂ ಇರುವ ಸಂಬಂಧ ಮುಖ್ಯವಾಗಿ ಒಂದೇ ಒಂದು ಬೋಲ್ಟಿನದು. ರೆಕ್ಕೆಯ ನಡುಗಂಬಕ್ಕೆ ಬಂಡಿ ಜೋಕಾಲಿಯ ಹಾಗೆ ಜೋತುಬಿದ್ದಿರುತ್ತದೆ. ಆ ಬೋಲ್ಟೇ ಇದರ ಸೂತ್ರದ ಗಂಟು. ಅದನ್ನು ನಡುಗಂಬದ ಮೇಲೆ ತುಸು ಮುಂದಕ್ಕೆ ಸರಿಸಿ ಬಿಗಿದರೆ, ಕೈಬಿಟ್ಟಾಗಲೂ ವಿಮಾನ ಹೆಚ್ಚು ವೇಗದಲ್ಲಿ ಹೋಗುತ್ತದೆ. ಹಿಂದಕ್ಕೆ ಸರಿಸಿದರೆ ನಿಧಾನ.

ಈ ರೆಕ್ಕೆ ಹುಟ್ಟಿದ್ದೂ ಪಟವಾಗಿಯೇ. ಅಮೆರಿಕದ ವರ್ಜೀನಿಯಾದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ರೊಗಾಲೊ 1948ರಲ್ಲಿ ಕಡ್ಡಿಯೇ ಇಲ್ಲದ ಪಟವೊಂದನ್ನು ಹಾರಿಸಿದರು. ಹೆಂಡತಿ ಗರ್ಟ್ರೂಡ್ ಅದನ್ನು ಅಡುಗೆಮನೆಯ ಪರದೆಯ ಬಟ್ಟೆಯಿಂದ ಹೊಲಿದುಕೊಟ್ಟಿದ್ದರು. 1951ರಲ್ಲಿ ಸಿಕ್ಕ ಪೇಟೆಂಟ್ ಇಬ್ಬರ ಹೆಸರಿನಲ್ಲೂ ಇದೆ. ಬಾಹ್ಯಾಕಾಶ ನೌಕೆಗಳನ್ನು ನೆಲಕ್ಕೆ ಇಳಿಸಲು ಈ ರೆಕ್ಕೆ ಆದೀತೇ ಎಂದು ನಾಸಾ ಪರೀಕ್ಷಿಸಿ ನೋಡಿ ಕೈಬಿಟ್ಟಿತು. 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್ ಎಂಬ ಊರಿನ ಜಾನ್ ಡಿಕನ್‌ಸನ್ ಅದೇ ರೆಕ್ಕೆಯ ಕೆಳಗೆ ಮನುಷ್ಯನನ್ನು ತೂಗುಹಾಕಿ, ಕೈಗೊಂದು ತ್ರಿಕೋನದ ಚೌಕಟ್ಟು ಕೊಟ್ಟರು. ಇವತ್ತಿಗೂ ಟ್ರೈಕಿನ ಪೈಲಟ್ ಹಿಡಿಯುವುದು ಆ ಚೌಕಟ್ಟಿನ ತಳದ ಅಡ್ಡಕೋಲನ್ನೇ.

ಈ ಕೋಲು ಕೆಲಸ ಮಾಡುವ ಬಗೆ ತಿಳಿಯಬೇಕಾದರೆ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಹತ್ತಿ ತಲೆಯ ಮೇಲಿನ ಸರಳನ್ನು ಹಿಡಿದು ನಿಲ್ಲಿ. ಸರಳನ್ನು ಬಲಕ್ಕೆ ತಳ್ಳಿ. ಅದು ಅಲ್ಲಾಡುವುದಿಲ್ಲ, ನೀವೇ ಎಡಕ್ಕೆ ವಾಲುತ್ತೀರಿ. ಟ್ರೈಕಿನಲ್ಲೂ ಹೀಗೆಯೇ. ಕೋಲನ್ನು ಬಲಕ್ಕೆ ತಳ್ಳಿದರೆ ರೆಕ್ಕೆಗೆ ಹೋಲಿಸಿದಂತೆ ಪೈಲಟ್ಟು, ಬಂಡಿ, ಎಂಜಿನ್ನು ಎಲ್ಲದರ ಭಾರ ಎಡಕ್ಕೆ ಬರುತ್ತದೆ, ಎಡರೆಕ್ಕೆ ತಗ್ಗುತ್ತದೆ, ವಿಮಾನ ಎಡಕ್ಕೆ ತಿರುಗುತ್ತದೆ. ಎದೆಯ ಕಡೆಗೆ ಎಳೆದುಕೊಂಡರೆ ಭಾರ ಮುಂದಕ್ಕೆ ಸರಿದು ಮೂತಿ ಬಗ್ಗಿ ವೇಗ ಏರುತ್ತದೆ. ಮುಂದಕ್ಕೆ ತಳ್ಳಿದರೆ ಮೂತಿ ಎದ್ದು ನಿಧಾನವಾಗುತ್ತದೆ. ಸೆಸ್ನಾ ಕಲಿತವರಿಗೆ ಇದೆಲ್ಲ ತಿರುಗುಮುರುಗು, ಮತ್ತು ಅಪಾಯ ಇರುವುದೂ ಅಲ್ಲೇ. ನೆಲ ಹತ್ತಿರ ಬಂದಾಗ ಅಭ್ಯಾಸಬಲದಿಂದ ಕೋಲನ್ನು ತನ್ನತ್ತ ಎಳೆದವನು ಮೂತಿ ಎತ್ತುವ ಬದಲು ನೆಲಕ್ಕೆ ಇಳಿಸಿರುತ್ತಾನೆ. ಹೊಸದಾಗಿ ಕಲಿಯುವವರಿಗಿಂತ ನೂರಾರು ಗಂಟೆ ಹಾರಿದವರಿಗೆ ಇಲ್ಲಿ ಹೆಚ್ಚು ಎಚ್ಚರ ಬೇಕು.

ಕಾಲಿನ ಕೆಲಸವೂ ಬೇರೆ. ಬಲಗಾಲಿನಡಿ ಕಾರಿನಲ್ಲಿದ್ದ ಹಾಗೆ ಆ್ಯಕ್ಸಿಲರೇಟರ್ ಇರುತ್ತದೆ. ಆದರೆ ಅದನ್ನು ಒತ್ತಿದರೆ ಸಿಗುವುದು ಎತ್ತರ, ವೇಗಕ್ಕೆ ಕೋಲು. ನೆಲದ ಮೇಲೆ ಮುಂಚಕ್ರವನ್ನು ಪಾದಗಳಿಂದ ನೇರವಾಗಿ ತಿರುಗಿಸಬೇಕು. ಸೈಕಲ್ಲಿನ ಹ್ಯಾಂಡಲ್ ಥರ, ಬಲಬದಿ ತಳ್ಳಿದರೆ ಚಕ್ರ ಎಡಕ್ಕೆ.

ಬರೀ ಭಾರ ಸರಿಸಿದರೆ ಇಷ್ಟು ದೊಡ್ಡ ರೆಕ್ಕೆ ಅಷ್ಟು ಬೇಗ ಮಾತು ಕೇಳುವುದಿಲ್ಲ. ಉಳಿದ ಕೆಲಸ ಬಟ್ಟೆಯದು, ನನ್ನನ್ನು ಬೆರಗುಗೊಳಿಸುವುದೂ ಅದೇ. ರೆಕ್ಕೆಯೊಳಗಿನ ಅಡ್ಡಕೊಳವೆಯನ್ನು ನಡುಗಂಬಕ್ಕೆ ಬಿಗಿಯಾಗಿ ಕಟ್ಟದೆ ತುಸು ಸರಿದಾಡಲು ಬಿಟ್ಟಿರುತ್ತಾರೆ. ಭಾರ ಎಡಕ್ಕೆ ಬಂದಾಗ ನಡುಗಂಬವೂ ಎಡಕ್ಕೆ ಜಗ್ಗುತ್ತದೆ. ಬಲಬದಿಯ ಬಟ್ಟೆ ಬಿಗಿಯಾಗಿ ಹೆಚ್ಚು ಎತ್ತುತ್ತದೆ, ಎಡಬದಿಯದು ಸಡಿಲವಾಗಿ ಕಡಿಮೆ ಎತ್ತುತ್ತದೆ. ಪೈಲಟ್ ಕೇಳಿದ್ದನ್ನು ರೆಕ್ಕೆ ತಾನೇ ತಿರುಚಿಕೊಂಡು ಪೂರೈಸುತ್ತದೆ. ರೈಟ್ ಸಹೋದರರು 1903ರಲ್ಲಿ ತಂತಿ ಎಳೆದು ರೆಕ್ಕೆ ತಿರುಚಿದ್ದೂ ಇದೇ ಉದ್ದೇಶಕ್ಕೆ. ಇಲ್ಲಿ ಆ ತಂತಿಯೂ ಬೇಡ.

ಬಾಲಂಗೋಚಿಯ ಕೆಲಸ ರೆಕ್ಕೆಯ ತುದಿಗಳದು. ರೆಕ್ಕೆ ಹಿಂದಕ್ಕೆ ಬಾಗಿರುವುದರಿಂದ ತುದಿಗಳು ಭಾರಕೇಂದ್ರಕ್ಕಿಂತ ಹಿಂದೆ ಬೀಳುತ್ತವೆ. ಅವುಗಳ ಹಿಂಬದಿಯ ಅಂಚನ್ನು ಸ್ವಲ್ಪ ಮೇಲಕ್ಕೆ ತಿರುಚಿಟ್ಟಿರುತ್ತಾರೆ. ಮೂತಿ ಅತಿಯಾಗಿ ಬಗ್ಗಿದರೆ ಆ ತುದಿಗಳೇ ಹಿಂಬದಿಯನ್ನು ಕೆಳಗೊತ್ತಿ ಮೂತಿಯನ್ನು ಮತ್ತೆ ಎತ್ತುತ್ತವೆ.

ಇದಕ್ಕೊಂದು ಗೆರೆಯಿದೆ, ದಾಟಬಾರದು. ಈ ವಿಮಾನವನ್ನು ಆಳುವುದು ಭಾರ, ಭಾರವೇ ಇಲ್ಲವಾದರೆ ಆಳುವವರಿಲ್ಲ. ಮೂತಿಯನ್ನು ಜೋರಾಗಿ ಮೇಲೆತ್ತಿ ತಟ್ಟನೆ ಬಿಟ್ಟರೆ, ಇಳಿಜಾರಿನಲ್ಲಿ ಹೊಟ್ಟೆ ಜುಂ ಎನ್ನುತ್ತದಲ್ಲ, ಅಂಥ ತೂಕವಿಲ್ಲದ ಗಳಿಗೆ ಬರುತ್ತದೆ. ಆಗ ಕೋಲನ್ನು ಎತ್ತ ತಳ್ಳಿದರೂ ಸರಿಯಲು ಭಾರವಿರುವುದಿಲ್ಲ. ರೆಕ್ಕೆ ಮುಂದಕ್ಕೆ ಪಲ್ಟಿ ಹೊಡೆಯಲು ಶುರುಮಾಡಿತೆಂದರೆ ಹಿಂದಿರುಗಿಸುವ ದಾರಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಟ್ರೈಕಿನಲ್ಲಿ ಕಸರತ್ತಿಗೆ ಅಪ್ಪಣೆಯಿಲ್ಲ. ದಖ್ಖನ್ನಿನ ಬಂಡೆಗಳು ಕಾದು ಬಿಸಿಗಾಳಿ ಮೇಲೇಳುವ ನಡುಹಗಲನ್ನು ಬಿಟ್ಟು, ಬೆಳಗಿನ ಹೊತ್ತು ಹಾರುವುದೂ ಇದೇ ಕಾರಣಕ್ಕೆ.

ಕನ್ನಡನಾಡಿಗೂ ಈ ರೆಕ್ಕೆಗೂ ಹಳೆಯ ನಂಟಿದೆ. ಫ್ರಾನ್ಸಿನಿಂದ ಬಂದ ಜೋಯೆಲ್ ಕೆಕ್ಲಾ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ರಾಜಹಂಸ ಅಲ್ಟ್ರಾಲೈಟ್ಸ್. ನಟಿ ಕಲ್ಕಿ ಅವರ ತಂದೆ ಇವರು. ಐಫೆಲ್ ಗೋಪುರದ ಎಂಜಿನಿಯರ್ ಮೊರೀಸ್ ಕೆಕ್ಲಾ ಇದೇ ವಂಶದವರು. ರಾಜಹಂಸಕ್ಕೆ ಹೊರದೇಶಗಳಲ್ಲಿ ಹೆಸರು ತಂದದ್ದು ಬಾಲವಿರುವ ಎಕ್ಸ್-ಏರ್ ಎಂಬ ಪುಟ್ಟ ವಿಮಾನ. ಆದರೆ ಕ್ಲಿಪರ್, ವಾಯೇಜರ್ ಎಂಬ ಟ್ರೈಕುಗಳೂ ಅಲ್ಲಿ ತಯಾರಾದವು. ಕ್ಲಿಪರ್‌ಗೆ ಅಲ್ಯೂಮಿನಿಯಂ ಕೊಳವೆ, ಡೇಕ್ರಾನ್ ಬಟ್ಟೆ, ಒಂದರ ಹಿಂದೊಂದು ಎರಡು ಸೀಟು, ಸುಮಾರು 64 ಅಶ್ವಶಕ್ತಿಯ ರೋಟ್ಯಾಕ್ಸ್ 582 ಎಂಜಿನ್. ಇಂಥವು ನಮ್ಮ ಬೆಂಗಳೂರಿನಲ್ಲಿ ತಯಾರಾದವು ಎನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲವಲ್ಲ ಎಂದು ನನಗೆ ಬೇಸರವಾಗುತ್ತದೆ.

ಇಷ್ಟು ಹಗುರವಾದದ್ದು ಎಷ್ಟು ದೂರ ಹೋದೀತು? 1998ರಲ್ಲಿ ಬ್ರಿಟನ್ನಿನ ಬ್ರಯಾನ್ ಮಿಲ್ಟನ್ ಇಂಥದೇ ತೆರೆದ ಟ್ರೈಕಿನಲ್ಲಿ ಭೂಮಿಯನ್ನು ಸುತ್ತಿ ಬಂದರು. 2001ರಲ್ಲಿ ಅಮೆರಿಕದಲ್ಲಿ, ತಾಯಿಯನ್ನು ಕಾಣದೆ ಬೆಳೆದ ವೂಪಿಂಗ್ ಕೊಕ್ಕರೆ ಮರಿಗಳಿಗೆ ವಲಸೆಯ ದಾರಿ ಕಲಿಸಲು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾದವರೆಗೆ ಟ್ರೈಕುಗಳೇ ಮುಂದೆ ಹಾರಿದವು. ಹಕ್ಕಿಯ ವೇಗಕ್ಕೆ ಇಳಿಯಬಲ್ಲ ವಿಮಾನ ಬೇಕಿತ್ತು. ಪೈಲಟ್‌ಗಳು ಮೈತುಂಬ ಬಿಳಿ ನಿಲುವಂಗಿ ತೊಟ್ಟಿದ್ದರು, ಮರಿಗಳಿಗೆ ಮನುಷ್ಯರ ಸಲಿಗೆ ಬೆಳೆಯದಿರಲೆಂದು.

ಹಾರುವ ಮೊದಲು ಪೈಲಟ್ ರೆಕ್ಕೆಯ ಸುತ್ತ ನಡೆಯುತ್ತಾನೆ. ಕೊಳವೆಗಳನ್ನು ಸವರುತ್ತಾನೆ, ಹೊಲಿಗೆ ನೋಡುತ್ತಾನೆ, ತಂತಿಗಳನ್ನು ಮೀಟುತ್ತಾನೆ. ತಲೆಯ ಮೇಲಿನ ಆ ಒಂದು ಬೋಲ್ಟಿನ ಬಳಿ ಮಾತ್ರ ಹೆಚ್ಚು ಹೊತ್ತು ನಿಂತು ನಟ್ಟನ್ನು, ಅದರ ಪಿನ್ನನ್ನು ಕೈಯಿಂದಲೇ ಮುಟ್ಟಿ ನೋಡುತ್ತಾನೆ. ಹಾರಾಟ ಮುಗಿದ ಮೇಲೆ ರೆಕ್ಕೆಯನ್ನು ಬಿಡಿಸಿ, ಬಟ್ಟೆಯೊಳಗಿನ ಬಾಗುಕಡ್ಡಿಗಳನ್ನು ಒಂದೊಂದಾಗಿ ಎಳೆದು ತೆಗೆದು, ಕೊಡೆಯ ಹಾಗೆ ಮಡಚಿ ಉದ್ದನೆಯ ಚೀಲಕ್ಕೆ ಸೇರಿಸಿ ಜಿಪ್ ಎಳೆಯುತ್ತಾನೆ. ಮುಂದಿನ ಹಾರಾಟಕ್ಕೆ ಆ ಚೀಲವನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದು.