ದಾರಿಯ ಬುತ್ತಿ ಪರಮ ಪ್ರಸಾದ

ಮುಂಬಯಿ: ಓವಲ್ ಮೈದಾನ ಎಂದರೆ ಇಂದಿನ ತಲೆಮಾರಿಗೆ ಕ್ರಿಕೆಟ್ ನೆನಪು. ಆದರೆ ನಗರದ ಹಿರಿಯ ಕೆಥೋಲಿಕ್ ಬಾಂಧವರಿಗೆ ಅದು 1964ರ ಸಂಭ್ರಮದ ತಾಣ. ಆ ವರ್ಷದ ನವೆಂಬರ್ 28ರಿಂದ ಡಿಸೆಂಬರ್ 6ರ ವರೆಗೆ 38ನೇ ಅಂತಾರಾಷ್ಟ್ರೀಯ ಪರಮ ಪ್ರಸಾದ ಮಹಾಸಮ್ಮೇಳನ ಇಲ್ಲಿ ಜರಗಿತ್ತು. ಆತಿಥ್ಯ ವಹಿಸಿದವರು ಭಾರತದ ಪ್ರಥಮ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್. ಡಿಸೆಂಬರ್ 2ರಂದು ಬಂದಿಳಿದ 6ನೇ ಪೌಲ್, ಭಾರತಕ್ಕೆ ಭೇಟಿಯಿತ್ತ ಮೊದಲ ಪೋಪ್.

ಕಡೆಯ ಭೋಜನದಂದು ಯೇಸು ಸ್ವಾಮಿ ರೊಟ್ಟಿ ಮುರಿದು ಶಿಷ್ಯರಿಗೆ ಹಂಚಿದರು. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ ಹಾಗೂ ರಕ್ತವಾಗುತ್ತವೆ ಎಂಬುದು ಕೆಥೋಲಿಕ್ ವಿಶ್ವಾಸ. ಆದುದರಿಂದಲೇ ಇಗರ್ಜಿ ಹೊಕ್ಕವರು ಮೊಣಕಾಲೂರಿ ನಮಿಸುತ್ತಾರೆ, ಪರಮ ಪ್ರಸಾದವಿರುವ ಪೀಠದ ಬಳಿ ದೀಪ ಸದಾ ಉರಿಯುತ್ತದೆ. ಹೊಸ ವರ್ಷದ ಆರಂಭದಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯಿಂದ ರೊಸಾರಿಯೊ ಕೆಥೆಡ್ರಲ್‌ಗೆ ಸಾಗುವ ಪರಮ ಪ್ರಸಾದದ ಮೆರವಣಿಗೆಯನ್ನು ಊರು ಬಿಟ್ಟವರೂ ಮರೆಯಲಾರರು.

ಹಿಂದೆ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಉಪವಾಸವಿರಬೇಕಿತ್ತು. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು. ಮುಂಬಯಿ ಸಮ್ಮೇಳನಕ್ಕೆ ಒಂದು ವಾರ ಮೊದಲು, 1964ರ ನವೆಂಬರ್ 21ರಂದು, ಒಂದೇ ಗಂಟೆ ಸಾಕೆಂದು ಪೋಪ್ ಪ್ರಕಟಿಸಿದರು. ಲ್ಯಾಟಿನ್‌ನಲ್ಲಿದ್ದ ಬಲಿಪೂಜೆಯೂ ಕ್ರಮೇಣ ಕೊಂಕಣಿ, ಕನ್ನಡಕ್ಕೆ ಬಂತು. ದುಡಿಯುವ ಜನರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಸುಲಭವಾಗಿ ಸಿಕ್ಕಿದ್ದು ಸದರವಾಗುವ ಅಪಾಯವೂ ಇದೆ. ತಡವಾಗಿ ಬಂದು, ಪ್ರಸಾದ ಸ್ವೀಕರಿಸಿದೊಡನೆ ಹೊರಬಾಗಿಲಿಗೆ ಧಾವಿಸುವ ಅಭ್ಯಾಸ ಯಾವ ಇಗರ್ಜಿಗೂ ಹೊಸತಲ್ಲ.

2020ರ ಲಾಕ್‌ಡೌನ್ ಇದಕ್ಕೊಂದು ಪಾಠ ಕಲಿಸಿತು. ಬಲಿಪೂಜೆ ಮೊಬೈಲ್ ಪರದೆಯಲ್ಲಿ ಕಂಡರೂ ಪ್ರಸಾದ ನಾಲಗೆಗೆ ಸಿಗಲಿಲ್ಲ. ಇಲ್ಲದಾಗಲೇ ಅದರ ಬೆಲೆ ತಿಳಿಯಿತು.

ಭಕ್ತಿ ಬೆಳೆಸಲು ದೊಡ್ಡ ಸಾಹಸವೇನೂ ಬೇಕಿಲ್ಲ. ಹತ್ತು ನಿಮಿಷ ಮೊದಲೇ ಬಂದು ಮೌನವಾಗಿ ಕೂರುವುದು, ಆ ದಿನದ ಶುಭಸಂದೇಶವನ್ನು ಮನೆಯಲ್ಲೇ ಓದಿ ಬರುವುದು, ಗಂಭೀರ ಪಾಪವಿದ್ದರೆ ಪಾಪನಿವೇದನೆ ಮಾಡುವುದು, ಸ್ವೀಕರಿಸಿದ ಮೇಲೆ ಕೆಲಕ್ಷಣ ಕೃತಜ್ಞತೆ ಸಲ್ಲಿಸುವುದು, ಇಷ್ಟು ಸಾಕು. ಆದರೆ ಭಕ್ತಿ ಇಗರ್ಜಿಯ ಬಾಗಿಲಲ್ಲೇ ನಿಲ್ಲಬಾರದು. ಮುಂಬಯಿಯಲ್ಲಿ ತಾವು ಬಳಸಿದ ಕಾರನ್ನು 6ನೇ ಪೌಲ್ ಮದರ್ ತೆರೇಸಾ ಅವರಿಗೆ ನೀಡಿ ತೆರಳಿದರು. ಲಾಟರಿಯ ಮೂಲಕ ಅದರಿಂದ ಬಂದ ಹಣ ಕುಷ್ಠರೋಗಿಗಳ ಸೇವೆಗೆ ಸಂದಿತು.

ಇಗರ್ಜಿಗೆ ಬರಲಾಗದ ವೃದ್ಧರು, ರೋಗಿಗಳು ಪ್ರತಿ ವಠಾರದಲ್ಲೂ ಇದ್ದಾರೆ. ಪರಮ ಪ್ರಸಾದ ಅವರ ಮನೆಗೇ ಬರುತ್ತದೆ. ಆದರೆ ಅವರ ಹೆಸರನ್ನು ಧರ್ಮಗುರುಗಳಿಗೆ ತಿಳಿಸುವವರು ಬೇಕು. ಮೇಜಿಗೊಂದು ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿಡುವ ಕೈಗಳು ಬೇಕು. ಮರಣಶಯ್ಯೆಯಲ್ಲಿರುವವರಿಗೆ ಕೊಡುವ ಪ್ರಸಾದಕ್ಕೆ ಲ್ಯಾಟಿನ್‌ನಲ್ಲಿರುವ ಹೆಸರಿನ ಅರ್ಥ 'ದಾರಿಯ ಬುತ್ತಿ'. ಊರು ಬಿಟ್ಟು ಬಂದವರಿಗೆ ಬುತ್ತಿಯ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.